ಗಣಕವನ್ನು ಕಟ್ಟಿ ಕಲಿಯುವುದು



ಕನ್ನಡ ಸಾಹಿತ್ಯವನ್ನು ಪಾಠ ಹೇಳಿ ನಿವೃತ್ತನಾದವನು ಗಣಕಯಂತ್ರದ ಒಳರಚನೆಯನ್ನು ಕುರಿತು ಮಾತನಾಡಹೊರಟರೆ ತಮ್ಮಲ್ಲಿ ಕೆಲವರಿಗಾದರೂ ವಿಸ್ಮಯವಾಗಬಹುದು. ಆದರೆ ನನ್ನ ವಿಷಯ ಯಂತ್ರ ಎನ್ನುವುದಕ್ಕಿಂತ ಯಂತ್ರವನ್ನು ಅರಿಯುವ ಬಗೆ. ಅರಿವಿನ ಬಗೆಯನ್ನು ಕುರಿತು ನಾಲ್ಕು ಮಾತಾಡುವ ಅಧಿಕಾರ ಸಾಹಿತ್ಯದ ಅಧ್ಯಾಪಕನಿಗೂ ಅಷ್ಟಿಷ್ಟು ಉಂಟೆಂದು ನಂಬಿದ್ದೇನೆ.

ಇಂದು ಗಣಕವಿಲ್ಲದ ಕೈ ಇಲ್ಲ. ಹುಮನಾಬಾದಿನ ಬಸ್ ನಿಲ್ದಾಣದ ಮುಂದೆ ಕಡಲೆಕಾಯಿ ಮಾರುವವನೂ ಫೋನಿನ ಮೂಲಕ ಹಣ ಪಡೆಯುತ್ತಾನೆ. ಬಸವಕಲ್ಯಾಣದ ರೈತ ತೊಗರಿಯ ಧಾರಣೆಯನ್ನು ಅದರಲ್ಲೇ ನೋಡುತ್ತಾನೆ. ಬಳಕೆ ಇಷ್ಟು ವ್ಯಾಪಕವಾಗಿದ್ದರೂ ಅದರ ಒಡಲಲ್ಲಿ ನಡೆಯುವುದೇನು ಎಂಬುದು, ಅದನ್ನೇ ವಿದ್ಯೆಯಾಗಿ ಓದಿದವರಲ್ಲಿಯೂ ಬಹುಮಂದಿಗೆ ಮಸುಕಾಗಿಯೇ ಉಳಿದಿದೆ. ನಮ್ಮ ಭಾಗದ ಬೀದರ, ಭಾಲ್ಕಿ, ಕಲಬುರಗಿಗಳ ತಾಂತ್ರಿಕ ಕಾಲೇಜುಗಳಲ್ಲಿ, ನಾಡಿನ ಉಳಿದ ಕಡೆಗಳಲ್ಲಿರುವಂತೆಯೇ, ಈ ಸಂಬಂಧವಾಗಿ ಎರಡು ವಿಷಯಗಳನ್ನು ಬೋಧಿಸುತ್ತಾರೆ. ಒಂದು ಡಿಜಿಟಲ್ ಡಿಸೈನ್, ಅಂದರೆ ಅಂಕೀಯ ಮಂಡಲಗಳ ರಚನೆ. ಇನ್ನೊಂದು ಕಂಪ್ಯೂಟರ್ ಆರ್ಗನೈಸೇಶನ್, ಅಂದರೆ ಗಣಕದ ಅಂಗವ್ಯವಸ್ಥೆ. ಮೊದಲನೆಯದು ಇಟ್ಟಿಗೆ ಸುಡುವ ವಿದ್ಯೆ, ಎರಡನೆಯದು ಮನೆ ಕಟ್ಟುವ ವಿದ್ಯೆ ಎನ್ನೋಣ. ಹಲವೆಡೆ ಒಂದನ್ನು ಒಬ್ಬರು, ಇನ್ನೊಂದನ್ನು ಮತ್ತೊಬ್ಬರು, ಬೇರೆ ಬೇರೆ ಅವಧಿಗಳಲ್ಲಿ ಹೇಳಿಕೊಡುತ್ತಾರೆ. ಇಟ್ಟಿಗೆ ಯಾವ ಗಳಿಗೆಯಲ್ಲಿ ಮನೆಯಾಯಿತು ಎಂಬುದನ್ನು ವಿದ್ಯಾರ್ಥಿ ಕಾಣುವುದೇ ಇಲ್ಲ. ಚೌಕಗಳನ್ನು ಬರೆದು, ಬಾಣಗಳನ್ನು ಎಳೆದು, ಪರೀಕ್ಷೆಯಲ್ಲಿ ಅಂಕ ಗಳಿಸಿ ಹೊರಬರುತ್ತಾನೆ. ಈ ಕೊರತೆಗೆ ಪರಿಹಾರವೊಂದಿದೆ. ಅದು ಹಳೆಯದು, ಸರಳವಾದುದು, ಸ್ವಲ್ಪ ತಾಳ್ಮೆಯನ್ನು ಬೇಡುವಂಥದು: ಚಿಕ್ಕದಾದರೂ ಸರಿ, ಗಣಕದ ಸಂಸ್ಕಾರಕವನ್ನು, ರೂಢಿಯ ಮಾತಿನಲ್ಲಿ ಪ್ರೊಸೆಸರನ್ನು, ಕೈಯಾರೆ ಕಟ್ಟುವುದು.

ಸಂಸ್ಕಾರಕದ ಮೂಲದ್ರವ್ಯ ಎರಡೇ ಸ್ಥಿತಿಗಳು, ವಿದ್ಯುತ್ತು ಇದೆ ಅಥವಾ ಇಲ್ಲ, ಒಂದು ಅಥವಾ ಸೊನ್ನೆ. ಕನ್ನಡ ಓದಿದವರಿಗೆ ಇದೇನೂ ಅಪರಿಚಿತ ಲೋಕವಲ್ಲ. ಲಘು ಗುರು ಎಂಬ ಎರಡೇ ಗುರುತುಗಳಿಂದ ಇಡೀ ವೃತ್ತಪ್ರಪಂಚವನ್ನು ಅಳೆದವರು ನಾವು. ಮೂರಕ್ಷರಕ್ಕೆ ಒಂದು ಗಣವಾದರೆ ಎಂಟು ಗಣಗಳು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಏಕೆಂದರೆ ಎರಡನ್ನು ಮೂರು ಸಲ ಗುಣಿಸಿದರೆ ಎಂಟು. ಹತ್ತನೆಯ ಶತಮಾನದ ಕೊನೆಯ ಭಾಗದ ನಾಗವರ್ಮನ ‘ಛಂದೋಂಬುಧಿ’ಯಲ್ಲಿ ಪ್ರಸ್ತಾರದ ವಿಚಾರ ಬರುತ್ತದೆ. ಇಂತಿಷ್ಟು ಅಕ್ಷರಗಳ ಪಾದದಲ್ಲಿ ಲಘು ಗುರುಗಳ ಎಲ್ಲ ಜೋಡಣೆಗಳನ್ನೂ ಒಂದೂ ಬಿಡದಂತೆ ಕ್ರಮವಾಗಿ ಬರೆದಿಡುವ ವಿಧಾನ ಅದು. ತರ್ಕಮಂಡಲವನ್ನು ರಚಿಸುವವನು ಮೊಟ್ಟಮೊದಲು ಬರೆಯುವ ಕೋಷ್ಟಕವೂ ಇಂಥದೇ ಒಂದು ಪ್ರಸ್ತಾರ.

ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ‘ಯಮಾತಾರಾಜಭಾನಸಲಗಂ’ ಎಂಬ ಸೂತ್ರವನ್ನು ಒಮ್ಮೆ ಲಘು ಗುರುಗಳಾಗಿ ಬರೆದು ನೋಡಿ. ಮೊದಲ ಮೂರಕ್ಷರ ಯಗಣ; ಒಂದಕ್ಷರ ಸರಿದು ಮೂರನ್ನು ತೆಗೆದುಕೊಂಡರೆ ಮಗಣ; ಮತ್ತೊಂದು ಸರಿದರೆ ತಗಣ. ಹೀಗೆ ಹತ್ತೇ ಅಕ್ಷರಗಳಲ್ಲಿ ಎಂಟೂ ಗಣಗಳು ಒಂದೊಂದೇ ಸಲ ಮುಗಿಯುತ್ತವೆ. ಅಂಕಿಗಳನ್ನು ಒಂದೊಂದು ಹೆಜ್ಜೆ ಸರಿಸುವ ಮಂಡಲವನ್ನು ಶಿಫ್ಟ್ ರಿಜಿಸ್ಟರ್ ಎನ್ನುತ್ತಾರೆ. ಅದರ ನಡೆ ಈ ಸೂತ್ರದ ನಡೆಯೇ. ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇದರಿಂದ ನಮ್ಮ ಹಿರಿಯರು ಗಣಕವನ್ನು ಬಲ್ಲವರಾಗಿದ್ದರು ಎಂದು ಹೊರಡುವುದು ಹಿರಿಯರಿಗೂ ಗೌರವವಲ್ಲ, ಗಣಕಕ್ಕೂ ಅಲ್ಲ. ಎರಡು ಗುರುತುಗಳ ಲೆಕ್ಕಾಚಾರ ನಮ್ಮ ಮಕ್ಕಳ ಕಿವಿಗೆ ಆಗಲೇ ಬಿದ್ದಿದೆ, ಅಧ್ಯಾಪಕರು ಅಲ್ಲಿಂದ ಪಾಠವನ್ನು ಆರಂಭಿಸಬಹುದು ಎಂಬಷ್ಟೇ ನನ್ನ ವಾದ.

ಈಗ ಕಟ್ಟುವ ಮಾತಿಗೆ ಬರೋಣ. ಬಸವಕಲ್ಯಾಣದಲ್ಲಿ ನಮ್ಮ ಮನೆಯಿಂದ ಎರಡು ಓಣಿಯಾಚೆ ಒಬ್ಬ ಹುಡುಗಿ ಇದ್ದಾಳೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಅನಂತರ ತಾಂತ್ರಿಕ ಶಿಕ್ಷಣಕ್ಕೆ ಸೇರಿದವಳು. ಆಕೆಯ ತಂದೆ ಸಸ್ತಾಪುರ ಬಂಗ್ಲಾದ ಬಳಿ, ಹೈದರಾಬಾದಿನಿಂದ ಪುಣೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ, ಲಾರಿಗಳ ವಿದ್ಯುತ್ ಕೆಲಸ ಮಾಡುತ್ತಾರೆ. ಎರಡು ವರ್ಷಗಳ ಹಿಂದೆ ರಜೆಯಲ್ಲಿ ಆಕೆ ಒಂದು ಸಂಸ್ಕಾರಕವನ್ನು ಕಟ್ಟಲು ತೊಡಗಿದಳು. ಇಂಗ್ಲಿಷಿನ ಒಂದು ಪಾರಿಭಾಷಿಕ ಪದಕ್ಕೆ ಕನ್ನಡ ಕೇಳಿಕೊಂಡು ನನ್ನಲ್ಲಿಗೆ ಬಂದದ್ದೇ ನಮ್ಮ ಪರಿಚಯಕ್ಕೆ ನಿಮಿತ್ತ. ಆ ಬಳಿಕ ಆರು ತಿಂಗಳು ನಾನು ಆ ಕೆಲಸದ ಪ್ರೇಕ್ಷಕ.

ಆಕೆ ಆರಿಸಿಕೊಂಡದ್ದು ಆಲ್ಬರ್ಟ್ ಪಾಲ್ ಮಾಲ್ವಿನೋ ಎಂಬ ಅಮೆರಿಕದ ಲೇಖಕರು 1977ರಲ್ಲಿ ಪ್ರಕಟಿಸಿದ ‘ಡಿಜಿಟಲ್ ಕಂಪ್ಯೂಟರ್ ಎಲೆಕ್ಟ್ರಾನಿಕ್ಸ್’ ಗ್ರಂಥದ ಮಾದರಿಯನ್ನು. ಮಾಲ್ವಿನೋ ಹೆಸರು ನಮ್ಮ ತಾಂತ್ರಿಕ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅವರ ಬೇರೊಂದು ಪುಸ್ತಕ ನಮ್ಮ ಪಠ್ಯಪಟ್ಟಿಯಲ್ಲಿಯೇ ಇತ್ತು. ಈ ಗ್ರಂಥದಲ್ಲಿ ಅವರು ‘ಸಾಧ್ಯವಿದ್ದಷ್ಟು ಸರಳ’ ಎಂಬ ಅರ್ಥದ ಹೆಸರನ್ನಿಟ್ಟು ಒಂದು ಪುಟ್ಟ ಗಣಕವನ್ನು ವರ್ಣಿಸಿದ್ದಾರೆ. ಅದರ ಸ್ಮೃತಿಯಲ್ಲಿ ಹದಿನಾರೇ ಕೋಶಗಳು. ಒಂದೊಂದು ಕೋಶದಲ್ಲಿ ಎಂಟು ಅಂಕಿಗಳು. ಅದು ಬಲ್ಲ ಆಜ್ಞೆಗಳು ಐದು: ತೆಗೆದುಕೋ, ಕೂಡು, ಕಳೆ, ತೋರಿಸು, ನಿಲ್ಲು. ಗುಣಾಕಾರ ಬಾರದು, ಭಾಗಾಕಾರ ಬಾರದು. ಇಷ್ಟು ಬಡ ಯಂತ್ರವೇಕೆ ಎಂದು ಕೇಳಬಹುದು. ಎಲ್ಲ ತಂತಿಗಳನ್ನೂ ಒಬ್ಬ ಮನುಷ್ಯ ತಲೆಯೊಳಗೆ ಇಟ್ಟುಕೊಳ್ಳಬಹುದಾದ ಕೊನೆಯ ಗಣಕ ಬಹುಶಃ ಇದೇ. ಇದಕ್ಕಿಂತ ದೊಡ್ಡದಾದರೆ ನಂಬಿಕೆಯ ಮೇಲೆ ನಡೆಯಬೇಕಾಗುತ್ತದೆ.

ಬೇಕಾದ ಸಾಮಗ್ರಿ ಹೈದರಾಬಾದಿನ ಕೋಠಿಯ ಅಂಗಡಿಗಳಿಂದ ಬಂತು. ಬೆಂಗಳೂರು ನಮಗೆ 600 ಕಿಲೋಮೀಟರಿಗೂ ಆಚೆ. ಹೈದರಾಬಾದು ಅದರ ಕಾಲುಭಾಗದಷ್ಟು ದೂರ. ಈ ಚಿಪ್ಪುಗಳು 7400 ಸರಣಿ ಎಂಬ ಮನೆತನದವು. 1960ರ ದಶಕದಲ್ಲಿ ಇವನ್ನು ಹೊರತಂದು ಪ್ರಸಿದ್ಧಿಗೆ ತಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯೇ ಮುಂದೆ 1985ರಲ್ಲಿ ಬೆಂಗಳೂರಿಗೆ ಬಂದು ತನ್ನ ವಿನ್ಯಾಸ ಕೇಂದ್ರವನ್ನು ತೆರೆಯಿತು. ಬೆಸುಗೆಯಿಲ್ಲದೆ ತಂತಿಯನ್ನು ಚುಚ್ಚಿ ತೆಗೆಯಬಹುದಾದ ರಂಧ್ರಗಳ ಹಲಗೆ, ಸಾಸಿವೆಯಂಥ ಕೆಂಪು ದೀಪಗಳು, ಐದು ವೋಲ್ಟು ಕೊಡುವ ಒಂದು ಹಳೆಯ ಮೊಬೈಲ್ ಚಾರ್ಜರು. ಎಲ್ಲ ಸೇರಿ ಒಂದು ಸಾಮಾನ್ಯ ಫೋನಿನ ಬೆಲೆಯಷ್ಟೂ ಆಗಲಿಲ್ಲ. ಒಂದು ತೊಡಕು ಮಾತ್ರ ಇತ್ತು: ಸ್ಮೃತಿಗೆ ಬೇಕಾದ ಹಳೆಯ ಚಿಪ್ಪು ಈಗ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವುದಿಲ್ಲ. ದೊರೆತದ್ದಕ್ಕೂ ಒಂದು ವಕ್ರ ಸ್ವಭಾವ ಉಂಟು. ಒಂದನ್ನು ಇಟ್ಟರೆ ಸೊನ್ನೆ ಕೊಡುತ್ತದೆ, ಸೊನ್ನೆ ಇಟ್ಟರೆ ಒಂದು. ಅದರ ಬಾಗಿಲಲ್ಲಿ ಮಾತನ್ನು ತಿರುವಿ ಹೇಳುವ ಮತ್ತೊಂದು ಚಿಪ್ಪನ್ನು ನಿಲ್ಲಿಸಬೇಕು.

ತರ್ಕದ್ವಾರಗಳನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಒಂದನ್ನು ಮಾತ್ರ ಪ್ರಸ್ತಾಪಿಸದೆ ಮುಂದೆ ಹೋಗಲಾರೆ. ನಮ್ಮ ‘ಅಥವಾ’ ಎಂಬ ಶಬ್ದಕ್ಕೆ ಎರಡು ಮುಖ. ‘ಮಳೆ ಅಥವಾ ಬಿಸಿಲು ಇದ್ದರೆ ಕೊಡೆ ಹಿಡಿ’ ಎಂದಾಗ ಎರಡೂ ಒಟ್ಟಿಗೆ ಬಂದರೂ ಕೊಡೆ ಹಿಡಿಯುತ್ತೇವೆ. ‘ಚಹಾ ಅಥವಾ ಕಾಫಿ’ ಎಂದಾಗ ಎರಡನ್ನೂ ಕೇಳುವವನು ಅತಿಥಿಯಾಗಿ ಮತ್ತೊಮ್ಮೆ ಕರೆಯಿಸಿಕೊಳ್ಳಲಾರ. ಭಾಷೆ ಈ ಎರಡನ್ನೂ ಒಂದೇ ಪದದಲ್ಲಿ ನಿಭಾಯಿಸುತ್ತದೆ. ಯಂತ್ರಕ್ಕೆ ಆ ಸೌಕರ್ಯವಿಲ್ಲ, ಎರಡಕ್ಕೂ ಬೇರೆ ಬೇರೆ ದ್ವಾರಗಳು ಬೇಕು. ‘ಒಂದಿರಲಿ, ಎರಡೂ ಬೇಡ’ ಎನ್ನುವ ಎರಡನೆಯ ಜಾತಿಯ ದ್ವಾರವೇ ಕೂಡುವ ಕೆಲಸದ ಜೀವ. ಒಂದೂ ಸೊನ್ನೆಯೂ ಕೂಡಿದರೆ ಒಂದು. ಒಂದೂ ಒಂದೂ ಕೂಡಿದರೆ ಸ್ಥಾನದಲ್ಲಿ ಸೊನ್ನೆ, ದಶಕ ಒಂದು. ಶಾಲೆಯಲ್ಲಿ ಬೆರಳಿನ ತುದಿಯಲ್ಲಿ ಹಿಡಿದುಕೊಳ್ಳುತ್ತಿದ್ದ ಆ ದಶಕ ಇಲ್ಲಿ ಒಂದು ತಂತಿಯಾಗಿ ಪಕ್ಕದ ಸ್ಥಾನಕ್ಕೆ ಹೋಗುತ್ತದೆ.

ಕೂಡುವುದು ಆಕೆಗೆ ಬೇಗ ಕೈವಶವಾಯಿತು. ಕಳೆಯುವಲ್ಲಿ ತೊಡಕು ಬಂತು. ಗಣಕದಲ್ಲಿ ಕಳೆಯುವುದಕ್ಕೆ ಪ್ರತ್ಯೇಕ ಮಂಡಲವಿಲ್ಲ, ಕೂಡುವುದರಿಂದಲೇ ಕಳೆಯುತ್ತಾರೆ. ಲಾರಿಯ ಮೈಲಿ ಮೀಟರನ್ನು ನೆನೆಯಿರಿ. ಐದು ಅಂಕಿಗಳ ಮೀಟರಿನಲ್ಲಿ 00009 ಇದೆ; ಅದರಲ್ಲಿ 4 ಕಳೆಯಬೇಕು. ಹಿಂದಕ್ಕೆ ತಿರುಗಿಸುವ ಬದಲು 99996 ಮುಂದಕ್ಕೆ ತಿರುಗಿಸಿದರೂ ಆಯಿತು. ಲೆಕ್ಕಕ್ಕೆ ಬರುವುದು 100005. ಮೊದಲ ಒಂದಕ್ಕೆ ಮೀಟರಿನಲ್ಲಿ ಮನೆಯಿಲ್ಲ, ಅದು ಬಿದ್ದುಹೋಗಿ 00005 ಉಳಿಯುತ್ತದೆ. ಈ 99996 ಎಲ್ಲಿಂದ ಬರುತ್ತದೆ? 00004ರ ಒಂದೊಂದು ಅಂಕಿಯನ್ನೂ ಒಂಬತ್ತರಿಂದ ಕಳೆದರೆ 99995. ಅದಕ್ಕೆ ಒಂದು ಸೇರಿಸಿದರೆ 99996. ದ್ವಿಮಾನದಲ್ಲಿ ಇದು ಇನ್ನೂ ಸುಲಭ: ಸೊನ್ನೆಗಳನ್ನು ಒಂದಾಗಿ, ಒಂದುಗಳನ್ನು ಸೊನ್ನೆಯಾಗಿ ತಿರುವಿ, ಒಂದು ಸೇರಿಸುವುದು.

ಆಕೆಯ ಯಂತ್ರ ಒಂಬತ್ತರಲ್ಲಿ ನಾಲ್ಕು ಕಳೆದರೆ ನಾಲ್ಕು ಎಂದಿತು. ಹನ್ನೆರಡರಲ್ಲಿ ಐದು ಕಳೆದರೆ ಆರು ಎಂದಿತು. ಪ್ರತಿಸಲವೂ ಒಂದು ಕಡಿಮೆ. ಮೂರು ರಾತ್ರಿ ಆಕೆ ತಂತಿಗಳನ್ನು ಕಿತ್ತು ಮತ್ತೆ ಚುಚ್ಚಿದಳು, ಚಿಪ್ಪು ಸುಟ್ಟಿದೆಯೆಂದು ಬದಲಿಸಿದಳು. ಇಲ್ಲಿ ತಾವು ಗಮನಿಸಬೇಕಾದದ್ದು: ತಿರುವಿ ಒಂದು ಸೇರಿಸಬೇಕೆಂಬ ನಿಯಮವನ್ನು ಆಕೆ ಹಿಂದಿನ ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆದಿದ್ದಳು. ನಿಯಮ ನಾಲಗೆಯ ಮೇಲಿತ್ತು. ಆದರೆ ‘ಒಂದು ಸೇರಿಸು’ ಎಂಬ ವಾಕ್ಯದಲ್ಲಿ ಕರ್ತೃವಿಲ್ಲ. ಯಾರು ಸೇರಿಸಬೇಕು? ಆ ಒಂದು ಎಲ್ಲಿಂದ ಬರಬೇಕು? ಕಾಗದದ ಮೇಲೆ ಅದು ಬರೆಯುವವನ ಲೇಖನಿಯಿಂದ ಬರುತ್ತದೆ. ಹಲಗೆಯ ಮೇಲೆ ಅದು ಒಂದು ತಂತಿಯಲ್ಲದೆ ಬೇರೇನೂ ಆಗಲಾರದು, ಮತ್ತು ಆ ತಂತಿಗೆ ಒಂದು ತವರು ಇರಬೇಕು.

ತವರು ಸಿಕ್ಕಿದ್ದು ನಾಲ್ಕನೆಯ ದಿನ. ಕೂಡುವ ಮಂಡಲದ ಬಲತುದಿಯ ಸ್ಥಾನಕ್ಕೂ ದಶಕವನ್ನು ಸ್ವೀಕರಿಸುವ ಒಂದು ಬಾಯಿ ಇರುತ್ತದೆ. ಅದರ ಬಲಕ್ಕೆ ಬೇರೆ ಸ್ಥಾನವೇ ಇಲ್ಲವಾದುದರಿಂದ ಅಲ್ಲಿಗೆ ಏನೂ ಬರುವಂತಿಲ್ಲವೆಂದು ಆಕೆ ಅದನ್ನು ಸೊನ್ನೆಗೆ ಕಟ್ಟಿಬಿಟ್ಟಿದ್ದಳು. ‘ಕಳೆ’ ಎಂಬ ಆಜ್ಞೆಯನ್ನು ಹೊತ್ತು ಎಂಟು ದ್ವಾರಗಳಿಗೆ ಹೋಗಿ ಅಂಕಿಗಳನ್ನು ತಿರುವುತ್ತಿದ್ದ ತಂತಿ ಇದೆಯಷ್ಟೆ, ಅದನ್ನೇ ಒಂದು ಕವಲೊಡೆಸಿ ಆ ಬಾಯಿಗೂ ಮುಟ್ಟಿಸಿದಳು. ಕಳೆಯೆಂದಾಗ ತಂತಿಯಲ್ಲಿ ಒಂದು ಇರುತ್ತದೆ. ಅದು ಅಂಕಿಗಳನ್ನು ತಿರುವುತ್ತದೆ, ತಾನೇ ಆ ಸೇರಬೇಕಾದ ಒಂದೂ ಆಗುತ್ತದೆ. ಕೂಡೆಂದಾಗ ತಂತಿಯಲ್ಲಿ ಸೊನ್ನೆ. ತಿರುವುವುದೂ ಇಲ್ಲ, ಸೇರುವುದೂ ಇಲ್ಲ. ಅಪ್ಪಣೆಯೂ ಸಂಖ್ಯೆಯೂ ಒಂದೇ ತಂತಿ. ಮಾಲ್ವಿನೋ ಪುಸ್ತಕದ ಚಿತ್ರದಲ್ಲಿ ಆ ಕವಲು ಮೊದಲಿನಿಂದಲೂ ಇತ್ತು, ಕಾಲಿಂಚು ಉದ್ದದ ಗೆರೆ. ಅದನ್ನು ಆಕೆ ಎಷ್ಟೋ ಸಲ ನೋಡಿದ್ದಳು. ಕಟ್ಟುವುದರಿಂದ ಏನು ಸಿಗುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಕಾಲಿಂಚು ಗೆರೆಯನ್ನು ತೋರಿಸುತ್ತೇನೆ.

ಮುಂದಿನದು ಹಾದಿಯ ಪ್ರಶ್ನೆ. ಯಂತ್ರದ ಎಲ್ಲ ಅಂಗಗಳೂ ಎಂಟು ತಂತಿಗಳ ಒಂದೇ ಹಾದಿಯ ಮೂಲಕ ಮಾತಾಡಿಕೊಳ್ಳುತ್ತವೆ. ಅದನ್ನು ಬಸ್ ಎನ್ನುತ್ತಾರೆ. ಒಂದು ಗಳಿಗೆಗೆ ಒಬ್ಬರೇ ಮಾತಾಡಬೇಕು, ಎಷ್ಟು ಮಂದಿಯಾದರೂ ಕೇಳಬಹುದು. ಮಾತಾಡದವರು ಏನು ಮಾಡಬೇಕು? ಸೊನ್ನೆ ಹೇಳಿದರೆ ಸಾಲದು. ಸೊನ್ನೆಯೂ ಒಂದು ಮಾತೇ, ಇನ್ನೊಬ್ಬನು ಹೇಳುವ ಒಂದರ ಜತೆಗೆ ಅದು ಜಗಳಕ್ಕೆ ನಿಲ್ಲುತ್ತದೆ. ಆದ್ದರಿಂದ ಮೂರನೆಯ ಒಂದು ಸ್ಥಿತಿಯನ್ನು ಕಲ್ಪಿಸಬೇಕಾಯಿತು: ಹೌದೂ ಅಲ್ಲದ, ಅಲ್ಲವೂ ಅಲ್ಲದ, ಹಾದಿಯಿಂದ ಸಂಪೂರ್ಣವಾಗಿ ಸರಿದು ನಿಲ್ಲುವ ಮೌನ. ಅನುಭವ ಮಂಟಪದ ಊರಿನವನಾಗಿ ಇಲ್ಲಿ ಶೂನ್ಯಸಂಪಾದನೆಯನ್ನೋ ಬಯಲನ್ನೋ ಎಳೆದು ತರುವ ಚಪಲ ನನಗೂ ಉಂಟಾಯಿತು, ಹತ್ತಿಕ್ಕಿಕೊಂಡಿದ್ದೇನೆ. ಇದು ತತ್ತ್ವವಲ್ಲ, ಸಭಾಮರ್ಯಾದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಚಿಪ್ಪು ಬಿಸಿಯಾಗುತ್ತದೆ, ಬೆರಳಿಟ್ಟರೆ ಗೊತ್ತಾಗುತ್ತದೆ.

ಯಾರು ಯಾವಾಗ ಮಾತಾಡಬೇಕೆಂಬುದನ್ನು ಹೇಳುವವರು ಯಾರು? ಇಲ್ಲಿಗೆ ನಾವು ಯಂತ್ರದ ಹೃದಯಕ್ಕೆ ಬಂದೆವು. ಹೃದಯವೆಂಬುದು ಅಲಂಕಾರದ ಮಾತಲ್ಲ, ಅಲ್ಲಿ ನಿಜವಾಗಿಯೂ ಒಂದು ಮಿಡಿತವಿದೆ. ಒಂದು ಪುಟ್ಟ ಚಿಪ್ಪು ಒಂದು, ಸೊನ್ನೆ, ಒಂದು, ಸೊನ್ನೆ ಎಂದು ಒಂದೇ ಸಮನೆ ಮಿಡಿಯುತ್ತಿರುತ್ತದೆ. ಇಂದಿನ ಸಾಧಾರಣ ಫೋನಿನಲ್ಲಿ ಈ ಮಿಡಿತ ಸೆಕೆಂಡಿಗೆ ನೂರು ಕೋಟಿಗೂ ಹೆಚ್ಚು. ಆಕೆಯ ಯಂತ್ರದಲ್ಲಿ ಒಂದು ಗುಂಡಿಯನ್ನು ತಿರುಗಿಸಿ ಅದನ್ನು ಸೆಕೆಂಡಿಗೆ ಒಂದಕ್ಕೆ ಇಳಿಸಬಹುದು. ಬೇಕೆಂದರೆ ಮಿಡಿತವನ್ನು ನಿಲ್ಲಿಸಿ, ಬೆರಳಿನಿಂದ ಒತ್ತಿ ಒಂದೊಂದೇ ಹೆಜ್ಜೆ ನಡೆಸಬಹುದು. ಕೊಂಡು ತಂದ ಗಣಕದಲ್ಲಿ ಎಂದಿಗೂ ದೊರೆಯದ ಸೌಭಾಗ್ಯ ಇದು.

ಈ ಯಂತ್ರದ ಒಂದೊಂದು ಆಜ್ಞೆಗೂ ಆರು ಮಿಡಿತಗಳು. ಹುಮನಾಬಾದಿನ ಮಾಣಿಕನಗರದಲ್ಲಿ, ಮಾಣಿಕಪ್ರಭುಗಳ ಸಂಸ್ಥಾನದ ದತ್ತಜಯಂತಿಯ ಸಂಗೀತವನ್ನು ಕೇಳಿ ಬೆಳೆದ ಕಿವಿಗೆ ಆರು ಎಂದೊಡನೆ ದಾದ್ರಾ ತಾಳ ನೆನಪಾಗುವುದು ಸಹಜ. ದಾದ್ರಾದಲ್ಲಿ ಆರು ಮಾತ್ರೆಗಳು, ಮೂರು ಮೂರರ ಎರಡು ವಿಭಾಗ. ಇಲ್ಲಿಯೂ ಹಾಗೆಯೇ. ಮೊದಲ ಮೂರು ಮಿಡಿತಗಳು ಎಲ್ಲ ಆಜ್ಞೆಗಳಿಗೂ ಸಮಾನ: ಯಾವ ಕೋಶವನ್ನು ಓದಬೇಕೆಂದು ಕೇಳುವುದು, ಎಣಿಕೆಯನ್ನು ಒಂದು ಮುಂದೂಡುವುದು, ಕೋಶದಲ್ಲಿದ್ದ ಆಜ್ಞೆಯನ್ನು ತಂದಿಟ್ಟುಕೊಳ್ಳುವುದು. ಮುಂದಿನ ಮೂರರಲ್ಲಿ ಆಜ್ಞೆಯ ಪಾಲನೆ. ಕೂಡುವುದಾದರೆ, ನಾಲ್ಕನೆಯ ಮಿಡಿತಕ್ಕೆ ಕೂಡಬೇಕಾದ ಸಂಖ್ಯೆ ಇರುವ ಕೋಶದ ವಿಳಾಸ ಹೋಗುತ್ತದೆ, ಐದನೆಯದಕ್ಕೆ ಸಂಖ್ಯೆ ಬರುತ್ತದೆ, ಆರನೆಯದಕ್ಕೆ ಮೊತ್ತ ತನ್ನ ಮನೆ ಸೇರುತ್ತದೆ. ‘ತೋರಿಸು’ ಎಂಬ ಆಜ್ಞೆಗೆ ಒಂದೇ ಮಿಡಿತದ ಕೆಲಸ. ಉಳಿದೆರಡರಲ್ಲಿ ಯಾರೂ ಏನೂ ಮಾಡುವುದಿಲ್ಲ. ಆದರೂ ಆ ಎರಡು ಮಾತ್ರೆಗಳು ಸಲ್ಲಲೇಬೇಕು. ಗಾಯಕ ಉಸಿರು ತೆಗೆದುಕೊಳ್ಳುವಾಗಲೂ ತಬಲ ಎಣಿಸುತ್ತಿರುವಂತೆ. ಹನ್ನೆರಡು ತಂತಿಗಳು ಈ ತಾಳಕ್ಕೆ ಅನುಗುಣವಾಗಿ ಏಳುತ್ತವೆ, ಬೀಳುತ್ತವೆ. ಈಗ ನೀನು ಮಾತಾಡು, ಈಗ ನೀನು ಕೇಳು ಎನ್ನುತ್ತವೆ. ಗಣಕ ಯೋಚಿಸುತ್ತದೆ ಎನ್ನುವವರಿಗೆ ಈ ಹನ್ನೆರಡು ದೀಪಗಳನ್ನು ಅರ್ಧ ಗಂಟೆ ನೋಡಲು ಹೇಳಬೇಕು. ಅಲ್ಲಿ ಯೋಚನೆಯಿಲ್ಲ, ತಾಳವಿದೆ.

ಸ್ಮೃತಿಯ ಹದಿನಾರು ಕೋಶಗಳಲ್ಲಿ ಆಜ್ಞೆಗಳೂ ಅಲ್ಲಿಯೇ, ಅಂಕಿಗಳೂ ಅಲ್ಲಿಯೇ. 00011010 ಎಂಬ ಬರಹವನ್ನು ಸಂಖ್ಯೆಯೆಂದು ಓದಿದರೆ ಇಪ್ಪತ್ತಾರು; ಆಜ್ಞೆಯೆಂದು ಓದಿದರೆ ‘ಹತ್ತನೆಯ ಕೋಶದಲ್ಲಿರುವುದನ್ನು ಕೂಡು’. ಬರಹದ ಮೈಮೇಲೆ ಯಾವ ಗುರುತೂ ಇಲ್ಲ; ಅದು ತಾಳದ ಯಾವ ಮಾತ್ರೆಯಲ್ಲಿ ಹಾದಿಗೆ ಬಂತೆಂಬುದರಿಂದಲೇ ಅರ್ಥನಿರ್ಣಯ. ನಮ್ಮ ಚಂಪೂ ಕವಿಗಳ ಶ್ಲೇಷೆಯನ್ನು ತಲೆತಲಾಂತರ ಬಿಡಿಸಿದವರಿಗೆ ಇದು ಪ್ರಿಯವಾಗಬೇಕು. ಒಮ್ಮೆ ಕೊನೆಯಲ್ಲಿ ‘ನಿಲ್ಲು’ ಎಂಬ ಆಜ್ಞೆ ಬಿಟ್ಟುಹೋಗಿ, ಯಂತ್ರ ತನ್ನ ಅಂಕಿಗಳನ್ನೇ ಆಜ್ಞೆಗಳೆಂದು ಓದುತ್ತ ಏನೇನೋ ಕೂಡಿ ಕಳೆಯಿತು. ಆ ಸಂಜೆ ಎಲ್ಲರಿಗಿಂತ ಹೆಚ್ಚು ನಕ್ಕವನು ನಾನೇ.

ಹುಡುಗಿಯ ತಂದೆಯ ವಿಷಯವನ್ನು ಹೇಳದೆ ಬಿಡಲಾಗದು. ಇಪ್ಪತ್ನಾಲ್ಕು ವೋಲ್ಟಿನ ಲಾರಿಗಳಲ್ಲಿ ಬಾಳು ಸವೆಸಿದವರು. ಐದು ವೋಲ್ಟಿನ ಈ ಆಟಿಕೆಯನ್ನು ಮೊದಮೊದಲು ‘ಏನ್ ಮಾಡ್ಲತ್ತಿ?’ ಎಂದು ಕೇಳಿ ಸುಮ್ಮನಾಗುತ್ತಿದ್ದರು. ಯಂತ್ರ ದೊಡ್ಡದಾದಂತೆ ಒಂದು ವಿಚಿತ್ರ ರೋಗ ಕಾಣಿಸಿಕೊಂಡಿತು: ಹಗಲು ಸರಿಯಾದ ಲೆಕ್ಕ, ಕೆಲವೊಮ್ಮೆ ಮೇಜು ಅಲುಗಿದರೆ ತಪ್ಪು. ಅವರು ಒಂದು ರಾತ್ರಿ ಊಟವಾದ ಮೇಲೆ ಬಂದು, ಯಾವ ಚಿಪ್ಪನ್ನೂ ನೋಡದೆ, ‘ಅರ್ಥ್ ಬರಾಬರ್ ಅದಾ?’ ಎಂದರು. ಅರ್ಥ್ ಎಂದರೆ ಭೂಸಂಪರ್ಕ. ನನ್ನ ಕಿವಿಗೆ ಅದು ಅರ್ಥವೆಂದೇ ಕೇಳಿಸಿ, ಇಷ್ಟು ಘನವಾದ ಪ್ರಶ್ನೆಯನ್ನು ಇಷ್ಟು ಸಹಜವಾಗಿ ಕೇಳಿದರಲ್ಲ ಎಂದು ಕ್ಷಣಕಾಲ ಬೆರಗಾದೆ. ಅಳತೆಯ ಮುಳ್ಳನ್ನು ಹಲಗೆಯಿಂದ ಹಲಗೆಗೆ ಒತ್ತುತ್ತ ಹೋದರು. ದೂರದ ಹಲಗೆಗೆ ಹೋಗುವಷ್ಟರಲ್ಲಿ ವೋಲ್ಟು ಸೋರಿಹೋಗುತ್ತಿತ್ತು. ಒಂದೇ ತಂತಿಯ ಬದಲು ನಾಲ್ಕು ಕಡೆಯಿಂದ ದಪ್ಪ ತಂತಿ ಕೊಡಿಸಿದರು. ಯಾವುದಕ್ಕೂ ಕಟ್ಟದೆ ಬಿಟ್ಟ ಒಂದೆರಡು ಬಾಯಿಗಳೂ ಸಿಕ್ಕವು. ಈ ಜಾತಿಯ ಚಿಪ್ಪುಗಳಲ್ಲಿ ಏನೂ ಕಟ್ಟದ ಬಾಯಿ ತನ್ನಷ್ಟಕ್ಕೆ ಒಂದು ಎಂದು ಭಾವಿಸಿಕೊಳ್ಳುತ್ತದೆ, ಆದರೆ ಗಟ್ಟಿಯಾಗಿ ಅಲ್ಲ. ಚೌಕ ಬಾಣಗಳ ಚಿತ್ರದಲ್ಲಿ ವಿದ್ಯುತ್ತಿನ ತಂತಿಯನ್ನಾಗಲಿ ಭೂಸಂಪರ್ಕವನ್ನಾಗಲಿ ಯಾರೂ ಬರೆಯುವುದಿಲ್ಲ. ತಂದೆಗೆ ಗೊತ್ತಿದ್ದದ್ದು ಚಿತ್ರದಲ್ಲಿ ಇಲ್ಲದ ಭಾಗ.

ಹೀಗೆ ಕಟ್ಟಿ ಕಲಿಯುವುದು ಒಬ್ಬ ಹುಡುಗಿಯ ಹವ್ಯಾಸವಷ್ಟೇ ಎಂದು ತಿಳಿಯಬಾರದು. ಈ ದೇಶ ಗಣಕವನ್ನು ಕಲಿತದ್ದೇ ಹೀಗೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದಲ್ಲಿ ಒಂದು ಎಳೆಯ ತಂಡ 1956ರ ಹೊತ್ತಿಗೆ ಪ್ರಾಯೋಗಿಕ ಗಣಕವೊಂದನ್ನು ನಡೆಸಿ ತೋರಿಸಿತು. ಅದರ ಅನುಭವದಿಂದ ಕಟ್ಟಿದ ಪೂರ್ಣ ಯಂತ್ರ 1960ರಲ್ಲಿ ವಿಧಿವತ್ತಾಗಿ ಕಾರ್ಯಾರಂಭ ಮಾಡಿತು. ಟಿಫ್ರ್ಯಾಕ್ ಎಂದು ನೆಹರೂ ಹೆಸರಿಟ್ಟ ಆ ಯಂತ್ರದಲ್ಲಿ 2,700 ನಿರ್ವಾತ ಕೊಳವೆಗಳು, 1,700 ಡಯೋಡುಗಳು, 12,500 ರೋಧಕಗಳಿದ್ದವು. ಅದರ ಸ್ಮೃತಿ 40 ಅಂಕಿಗಳ 2,048 ಪದಗಳು. ನಮ್ಮ ನಾಡಿನಲ್ಲಿಯೇ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1950ರ ದಶಕದ ಮಧ್ಯಭಾಗದಲ್ಲಿ ವಿಸ್ಕಾನ್ಸಿನ್ನಿನಿಂದ ಬಂದಿದ್ದ ಪ್ರೊ. ವಿನ್ಸೆಂಟ್ ರೈಡೌಟ್ ಅವರೊಡನೆ ಬೇರೊಂದು ಬಗೆಯ ಗಣಕ ರೂಪುಗೊಂಡಿತು. ಅಂಕಿಗಳ ಬದಲು ವಿದ್ಯುತ್ತಿನ ಏರಿಳಿತವನ್ನೇ ಅಳತೆಯಾಗಿ ಬಳಸುವ ಅನಲಾಗ್ ಗಣಕ ಅದು. ಅದಕ್ಕೆ ಅಂಗಗಳನ್ನು ಕಟ್ಟಿಕೊಟ್ಟ ವಿದ್ಯಾರ್ಥಿಗಳಲ್ಲಿ ವಿ. ರಾಜಾರಾಮನ್ ಒಬ್ಬರು. ಮುಂದೆ ಕಾನಪುರದಲ್ಲಿಯೂ ಬೆಂಗಳೂರಿನಲ್ಲಿಯೂ ಅಧ್ಯಾಪಕರಾಗಿ, ಪಠ್ಯಗಳನ್ನು ಬರೆದು, ಈ ದೇಶದ ಹಲವು ತಲೆಮಾರುಗಳಿಗೆ ಗಣಕವಿದ್ಯೆಯನ್ನು ಕಲಿಸಿದವರು ಅವರೇ. ಮದ್ರಾಸಿನ ಐಐಟಿಯ ‘ಶಕ್ತಿ’ ತಂಡ ರೂಪಿಸಿದ ಸಂಸ್ಕಾರಕ 2018ರಲ್ಲಿ ಚಂಡೀಗಢದ ಪ್ರಯೋಗಾಲಯದಲ್ಲಿ ಚಿಪ್ಪಾಗಿ ಹೊರಬಂದಾಗಲೂ ಅದರ ಹಿಂದೆ ವಿದ್ಯಾರ್ಥಿಗಳ ಕೈ ಇತ್ತು.

ಆಕ್ಷೇಪಗಳಿಲ್ಲದಿಲ್ಲ. ತಂತಿ ಚುಚ್ಚುವ ಕಾಲ ಹೋಯಿತು. ಈಗ ಮಂಡಲವನ್ನು ವೆರಿಲಾಗ್ ಮುಂತಾದ ಭಾಷೆಗಳಲ್ಲಿ ಬರೆದು ಗಣಕದಲ್ಲಿಯೇ ಪರೀಕ್ಷಿಸುತ್ತಾರೆ ಎನ್ನುವವರಿದ್ದಾರೆ. ಅದು ನಿಜ, ಉದ್ಯೋಗದಲ್ಲಿ ಬೇಕಾದದ್ದೂ ಅದೇ. ಇಸ್ರೇಲಿನ ನೋಮ್ ನಿಸಾನ್ ಮತ್ತು ಶಿಮೋನ್ ಶಾಕನ್ ಅವರು 2005ರಲ್ಲಿ ಪ್ರಕಟಿಸಿದ ಪುಸ್ತಕವೊಂದು ಒಂದೇ ಜಾತಿಯ ದ್ವಾರದಿಂದ ಆರಂಭಿಸಿ ಇಡೀ ಗಣಕವನ್ನು ಹೀಗೆ ತೆರೆಯ ಮೇಲೆಯೇ ಕಟ್ಟಿಸುತ್ತದೆ. ಅದನ್ನು ನಾನು ಗೌರವಿಸುತ್ತೇನೆ. ಅದೂ ಕಟ್ಟುವುದೇ. ಆದರೆ ತೆರೆಯ ಮೇಲಿನ ತಂತಿಗೆ ಭೂಸಂಪರ್ಕ ತಪ್ಪುವುದಿಲ್ಲ, ಬಿಸಿಯಾಗುವುದಿಲ್ಲ. ಒಮ್ಮೆಯಾದರೂ ಕೈಯಿಂದ ಮಾಡಿದವನು ಅಲ್ಲಿಗೆ ಹೋದರೆ ಒಳಿತು. ಕಾಲೇಜುಗಳಲ್ಲಿ ಪ್ರಯೋಗಾಲಯವಿದೆಯಲ್ಲ ಎಂದರೆ, ಇದೆ; ಕೂಡುವ ಮಂಡಲಕ್ಕೆ ಒಂದು ವಾರ, ಎಣಿಸುವ ಮಂಡಲಕ್ಕೆ ಒಂದು ವಾರ, ದಾಖಲೆ ಪುಸ್ತಕಕ್ಕೆ ಸಹಿ. ವಾರದ ಕೊನೆಗೆ ತಂತಿಗಳನ್ನು ಕಿತ್ತು ಪೆಟ್ಟಿಗೆಯಲ್ಲಿ ಹಾಕುತ್ತಾರೆ. ಕೂಡುವುದೂ ಎಣಿಸುವುದೂ ಒಂದನ್ನೊಂದು ಭೇಟಿಯಾಗುವುದೇ ಇಲ್ಲ. ಅವನ್ನು ಕೀಳದೆ ಬಿಟ್ಟಿದ್ದರೆ ಅವಧಿಯ ಕೊನೆಗೆ ಒಂದು ಸಂಸ್ಕಾರಕವಾಗುತ್ತಿತ್ತು.

ಭಾಷೆಯ ವಿಚಾರವನ್ನೂ ಹೇಳುತ್ತೇನೆ. 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧನೆಗೆ ಅನುಮತಿ ಕೊಟ್ಟಿತು. ಪುಸ್ತಕಗಳ ಅನುವಾದವೂ ನಡೆದಿದೆ. ಸಂತೋಷವೇ. ಆದರೆ ಪದಕ್ಕೆ ಪದವಿಟ್ಟ ಅನುವಾದದಿಂದ ಕನ್ನಡ ಆ ವಿದ್ಯೆಯೊಳಗೆ ಹೋಗುತ್ತದೆಂದು ನಾನು ನಂಬಲಾರೆ. ಆ ಆರು ತಿಂಗಳಲ್ಲಿ ತಂದೆ ಮಗಳು ಆಡಿಕೊಂಡ ಮಾತುಗಳನ್ನು ನಾನು ಕೇಳಿದ್ದೇನೆ. ‘ದಶಕ ಎಲ್ಲಿ ಬಿತ್ತು’, ‘ಇವನು ಬಾಯಿ ಮುಚ್ಚಿಲ್ಲ’, ‘ಮೂರನೇ ಏಟಿಗೆ ತಪ್ಪುತ್ತದೆ’ ಇತ್ಯಾದಿ. ರಿಜಿಸ್ಟರನ್ನು ರಿಜಿಸ್ಟರೆಂದೇ ಕರೆದರು, ಬಸ್ಸನ್ನು ಬಸ್ಸೆಂದೇ. ಯಾವ ನಿಘಂಟೂ ಈ ಕನ್ನಡವನ್ನು ಸೃಷ್ಟಿಸಿರಲಿಲ್ಲ, ಕೆಲಸ ಸೃಷ್ಟಿಸಿತ್ತು. ಆಕೆ ಮೊದಲ ದಿನ ಕೇಳಿಕೊಂಡು ಬಂದ ಪದಕ್ಕೆ ನಾನು ಕೊಟ್ಟ ಸಂಸ್ಕೃತ ಸಮಾಸವನ್ನು ಇಬ್ಬರೂ ಬಳಸಲಿಲ್ಲವೆಂಬುದನ್ನೂ ತಿಳಿಸಿಬಿಡುತ್ತೇನೆ.

ಸಂವಿಧಾನದ 371ಜೆ ವಿಧಿಯ ಫಲವಾಗಿ ನಮ್ಮ ಭಾಗದ ಮಕ್ಕಳಿಗೆ ತಾಂತ್ರಿಕ ಕಾಲೇಜುಗಳಲ್ಲಿ ಸ್ಥಾನಗಳು ಮೀಸಲಾಗಿವೆ. ಹುಮನಾಬಾದಿನಿಂದ, ಬಸವಕಲ್ಯಾಣದಿಂದ ಹೆಚ್ಚು ಹೆಚ್ಚು ಮಂದಿ ಆ ಬಾಗಿಲನ್ನು ದಾಟುತ್ತಿದ್ದಾರೆ. ದಾಟಿದ ಮೇಲೆ ಅವರ ಕೈಗೆ ಏನು ಸಿಗುತ್ತದೆ ಎಂಬ ಪ್ರಶ್ನೆಯನ್ನು ವಿಧಿ ಉತ್ತರಿಸಲಾರದು. ಪ್ರತಿ ಕಾಲೇಜಿನಲ್ಲಿ ಒಂದು ಮೇಜು, ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಕಂತೆ ಚಿಪ್ಪು, ತಂತಿಗಳನ್ನು ಅವಧಿ ಮುಗಿಯುವವರೆಗೆ ಕೀಳದಿರುವ ಒಪ್ಪಂದ, ಇಷ್ಟನ್ನು ಒದಗಿಸಲು ಹೊಸ ಕಾಯಿದೆಯೇನೂ ಬೇಕಾಗಿಲ್ಲ.

ಹುಡುಗಿಯ ಯಂತ್ರಕ್ಕೆ ಈಗ ಒಂದು ಕೊರತೆ ಉಳಿದಿದೆ. ಅದು ಆಜ್ಞೆಗಳನ್ನು ಮೇಲಿನಿಂದ ಕೆಳಗೆ ಒಂದು ಸಲ ಓದಿ ನಿಂತುಬಿಡುತ್ತದೆ. ಹಿಂದಿರುಗಿ ಮತ್ತೆ ಮಾಡಲಾರದು, ಫಲ ಸೊನ್ನೆಯಾದರೆ ಇತ್ತ, ಇಲ್ಲವಾದರೆ ಅತ್ತ ಎಂದು ಕವಲೊಡೆಯಲಾರದು.  ಅದಕ್ಕೆ ಬೇಕಾದ್ದು ಎಣಿಕೆಯ ಚಿಪ್ಪಿಗೆ ಹೊಸ ಸಂಖ್ಯೆಯನ್ನು ತುಂಬುವ ಒಂದು ತಂತಿ, ಫಲ ಸೊನ್ನೆಯೇ ಎಂದು ನೋಡುವ ಕೆಲವು ದ್ವಾರಗಳು, ಹದಿಮೂರನೆಯ ಒಂದು ದೀಪ. ಚಿಪ್ಪುಗಳು ಕಳೆದ ವಾರ ಕೋಠಿಯಿಂದ ಬಂದಿವೆ. ಹಲಗೆಯಲ್ಲಿ ಜಾಗ ಮಾಡುವುದಕ್ಕಾಗಿ ಆಕೆ ಗಡಿಯಾರದ ಚಿಪ್ಪನ್ನು ಎಡಕ್ಕೆ ಸರಿಸುತ್ತಿದ್ದಾಳೆ.